ಮಣಿಕಟ್ಟಿನ ನೋವು: ಮೂಳೆಯೊಳಗೆ ಗುಳ್ಳೆ ಇದ್ದೀತು!

ಚಪಾತಿ ಹಿಟ್ಟು ನಾದುವಾಗ ಚಳಕ್. ಒದ್ದೆ ಬೆಡ್‌ಶೀಟ್ ಹಿಂಡುವಾಗ ಚಳಕ್. ನೆಲ ಒರೆಸಿ ಅಂಗೈ ಊರಿ ಏಳಲು ಹೋದರಂತೂ ಜೀವ ಹೋದಷ್ಟು ನೋವು. ಉಳಿದ ಹೊತ್ತಿನಲ್ಲಿ ಏನೂ ಇಲ್ಲ! ಕೈ ನೋಡಿದರೆ ಊತವಿಲ್ಲ, ಕೆಂಪಾಗಿಲ್ಲ, ಎಲ್ಲಾದರೂ ಬಿದ್ದ ನೆನಪೂ ಇಲ್ಲ. "ಕೆಲಸ ಜಾಸ್ತಿಯಾಯ್ತು, ಇನ್ನೇನು" ಅಂತ ನಮಗೆ ನಾವೇ ಹೇಳಿಕೊಂಡು, ನೋವಿನ ಮುಲಾಮು ಸವರಿ ಮತ್ತೆ ಲಟ್ಟಣಿಗೆ ಹಿಡಿಯುತ್ತೇವೆ. ಅಲ್ವೇ?

ನಮ್ಮತ್ತಿಗೆ ಮಾಡಿದ್ದೂ ಇದನ್ನೇ. ಮೂವತ್ತೆಂಟರ ವಯಸ್ಸು, ಮನೆ ತುಂಬ ಕೆಲಸ. ಬಲಗೈ ಮಣಿಕಟ್ಟಿನ ಹಿಂಭಾಗದಲ್ಲಿ, ಸರಿಯಾಗಿ ನಡುವೆ, ಒಂದು ಸಣ್ಣ ನೋವು. ಅಮ್ಮ "ಉಳುಕಿರಬೇಕು" ಅಂತ ಎಣ್ಣೆ ಕಾಯಿಸಿ ತಿಕ್ಕಿದರು. ಅಣ್ಣ ಮೆಡಿಕಲ್ ಸ್ಟೋರಿನಿಂದ ಕ್ರೇಪ್ ಬ್ಯಾಂಡೇಜ್ ತಂದುಕೊಟ್ಟ. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ಸಲ ನೋವಿನ ಮಾತ್ರೆ ಬರೆದುಕೊಟ್ಟರೇ ಹೊರತು ಒಂದು ಸಲವೂ ಕೈ ಒತ್ತಿ ನೋಡಲಿಲ್ಲ. "ಹೆಂಗಸರಿಗೆ ಇದೆಲ್ಲ ಮಾಮೂಲು, ರೆಸ್ಟ್ ಮಾಡಿ" ಅಂದರಂತೆ. ರೆಸ್ಟು! ಮಗಳ ಪರೀಕ್ಷೆ ಮುಗೀಲಿ, ಗೌರಿ ಹಬ್ಬ ಕಳೀಲಿ, ಊರಿಂದ ಬಂದವರು ಹೊರಡಲಿ ಅಂತ ಒಂದೂವರೆ ವರ್ಷ ಹೋಯಿತು.

ಕೊನೆಗೊಂದು ದಿನ ಕುದಿಯುವ ಸಾರಿನ ಪಾತ್ರೆ ಇಳಿಸುವಾಗ ಕೈ ಸೋತು ಪಾತ್ರೆ ಜಾರಿತು. ಪಕ್ಕದಲ್ಲಿ ನಿಂತಿದ್ದ ಮಗಳ ಕಾಲ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವತ್ತು ಸಂಜೆಯೇ ಅತ್ತಿಗೆಯನ್ನು ಕರೆದುಕೊಂಡು ಮೂಳೆ ವೈದ್ಯರ ಹತ್ತಿರ ಹೋದೆವು. ಎಕ್ಸ್‌-ರೇ ಪರದೆಯ ಮೇಲೆ ವೈದ್ಯರು ಬೆರಳಿಟ್ಟು ತೋರಿಸಿದರು. ಮಣಿಕಟ್ಟಿನ ನಡುವಿನ ಒಂದು ಪುಟ್ಟ ಮೂಳೆಯಲ್ಲಿ, ಕಡಲೆಕಾಳಿನಷ್ಟು ಗಾತ್ರದ ದುಂಡನೆಯ ಕಪ್ಪು ಚುಕ್ಕೆ. ಸುತ್ತ ಬಿಳಿಯ ತೆಳು ಅಂಚು.

"ಮೂಳೆಯೊಳಗೆ ಸಿಸ್ಟ್ ಇದೆ" ಅಂದರು ವೈದ್ಯರು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಹೊರಗೆ ಬಂದವರೇ ನನ್ನ ಕೈ ಹಿಡಿದು, "ಕ್ಯಾನ್ಸರ್ ಏನೇ? ನಿಜ ಹೇಳು" ಅಂದರು.

ಕ್ಯಾನ್ಸರ್ ಅಲ್ಲ. ಆದರೆ ಉಳುಕೂ ಅಲ್ಲ, "ಮಾಮೂಲು" ಕೂಡ ಅಲ್ಲ. ಹಾಗಾದರೆ ಏನು?

ಎಂಟು ಕಲ್ಲಿನ ಕಟ್ಟೋಣ

ನಾವು ಬಳೆ ತೊಡುವ ಜಾಗದಿಂದ ಅಂಗೈ ಶುರುವಾಗುವ ತನಕ ಇರುವ ಆ ಎರಡು ಬೆರಳಗಲದ ಜಾಗದಲ್ಲಿ ಎಂಟು ಪುಟ್ಟ ಮೂಳೆಗಳಿವೆ ಅಂದರೆ ನಂಬುತ್ತೀರಾ? ಎರಡು ಸಾಲಿನಲ್ಲಿ, ಸಾಲಿಗೆ ನಾಲ್ಕರಂತೆ, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಹಾಗೆ ಕೂತಿವೆ. ಅವನ್ನು ಹಿಡಿದಿಟ್ಟಿರುವುದು ಅಸ್ಥಿರಜ್ಜು ಎಂಬ ನಾರಿನ ಪಟ್ಟಿಗಳು. ನಾವು ಕೈ ತಿರುವಿದಾಗ, ಮಣಿಸಿದಾಗ, ಊರಿದಾಗ ಈ ಎಂಟೂ ಮೂಳೆಗಳು ಒಂದರ ಪಕ್ಕ ಒಂದು ಜಾರುತ್ತವೆ.

ಮೊದಲ ಸಾಲಿನ ನಡುವೆ ಕೂತಿರುವುದು ಲ್ಯುನೇಟ್. ಪಕ್ಕದಿಂದ ನೋಡಿದರೆ ಅರ್ಧಚಂದ್ರನ ಹಾಗೆ ಕಾಣುವುದರಿಂದ ಚಂದ್ರನ ಲ್ಯಾಟಿನ್ ಹೆಸರೇ ಅದಕ್ಕೂ ಬಂದಿದೆ. ಅದರ ಪಕ್ಕ, ಹೆಬ್ಬೆರಳಿನ ಕಡೆಗೆ, ದೋಣಿಯಾಕಾರದ ಸ್ಕೇಫಾಯ್ಡ್. ಅಂಗೈ ಊರಿ ಏಳುವಾಗ ಮೈಭಾರ ಮುಂಗೈಗೆ ಇಳಿಯುವುದು ಹೆಚ್ಚಾಗಿ ಈ ಎರಡು ಮೂಳೆಗಳ ಮೂಲಕವೇ. ಮಣಿಕಟ್ಟಿನ ಮೂಳೆಗುಳ್ಳೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಇವುಗಳಲ್ಲಿಯೇ.

ಈ ಗುಳ್ಳೆಗೆ ವೈದ್ಯರು ಹೇಳುವ ಹೆಸರು ಇಂಟ್ರಾಆಸಿಯಸ್ ಗ್ಯಾಂಗ್ಲಿಯನ್. ಅಂದರೆ ಮೂಳೆಯೊಳಗಿನ ಗ್ಯಾಂಗ್ಲಿಯನ್. ಕೈಯ ಹಿಂಭಾಗದಲ್ಲಿ ನೆಲ್ಲಿಕಾಯಿಯಷ್ಟು ಉಬ್ಬಿಕೊಂಡು, ಒತ್ತಿದರೆ ಸ್ವಲ್ಪ ಜಾರುವ ಗಂಟನ್ನು ಯಾರಿಗಾದರೂ ನೀವು ನೋಡಿರುತ್ತೀರಿ. ಅದು ಹೊರಗಿನ ಗ್ಯಾಂಗ್ಲಿಯನ್. ಅದರೊಳಗಿರುವುದು ಲೋಳೆಸರದ ತಿರುಳಿನಂಥ ಅಂಟು ದ್ರವ. ಅದೇ ಲೋಳೆ ಮೂಳೆಯ ಒಳಗೆ ತುಂಬಿಕೊಂಡರೆ ಅದೇ ಈ ಒಳಗುಳ್ಳೆ. ಹೊರಗಿಂದ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಹಾಗಾಗಿಯೇ "ಏನೂ ಇಲ್ಲ, ಸುಮ್ಮನೆ ನೋವು ಅಂತಾಳೆ" ಅನ್ನಿಸಿಕೊಳ್ಳುವುದು!

ಯಾಕೆ ಬರುತ್ತದೆ? ಖಚಿತವಾದ ಒಂದೇ ಕಾರಣವಿಲ್ಲ. ಪದೇ ಪದೇ ಬೀಳುವ ಸಣ್ಣ ಒತ್ತಡದಿಂದ ಮೂಳೆಯ ಒಳಭಾಗ ಅಲ್ಲಲ್ಲಿ ಸವೆದು ಲೋಳೆಯಾಗುತ್ತದೆ ಎನ್ನುವುದು ಒಂದು ವಿವರಣೆ. ಕೀಲಿನ ಹೊರಪದರದ ಗಂಟೇ ಮೂಳೆಯೊಳಕ್ಕೆ ದಾರಿ ಮಾಡಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಇದು ಅಂಟುರೋಗವಲ್ಲ, ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವ ಜಾತಿಯದೂ ಅಲ್ಲ. "ಕ್ಯಾಲ್ಸಿಯಂ ಕಮ್ಮಿಯಾಗಿ ತೂತು ಬಿದ್ದಿದೆ" ಅನ್ನುವುದೂ ತಪ್ಪು.

ಎಲ್ಲ ನೋವೂ ಗುಳ್ಳೆಯದಲ್ಲ

ಇದನ್ನು ಓದಿ ಎಲ್ಲರೂ ಎಕ್ಸ್‌-ರೇಗೆ ಓಡಬೇಡಿ! ಮನೆವಾರ್ತೆಯ ಹೆಂಗಸರ ಮಣಿಕಟ್ಟು ನೋಯಲು ಇದಕ್ಕಿಂತ ಸಾಮಾನ್ಯ ಕಾರಣಗಳು ಹಲವು. ನೋವು ಎಲ್ಲಿ, ಯಾವಾಗ ಅನ್ನುವುದನ್ನು ಗಮನಿಸಿದರೆ ವೈದ್ಯರಿಗೆ ಹೇಳುವುದು ಸುಲಭ.

ಹೆಬ್ಬೆರಳಿನ ಬುಡದಲ್ಲಿ ನೋವಿದ್ದು, ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತುವಾಗ ಹೆಚ್ಚಾದರೆ ಅದು ಡಿ ಕರ್ವೇನ್ ಎಂಬ ಸ್ನಾಯುರಜ್ಜುವಿನ ತೊಂದರೆ ಇರಬಹುದು. ಹೊಸ ಬಾಣಂತಿಯರಲ್ಲಿ ಇದು ಬಹಳ. ರಾತ್ರಿ ಮಲಗಿದಾಗ ಹೆಬ್ಬೆರಳಿನಿಂದ ಉಂಗುರ ಬೆರಳಿನ ತನಕ ಜೋಮು ಹಿಡಿದು, ಎದ್ದು ಕೈ ಕೊಡವುವಂತಾದರೆ ಕಾರ್ಪಲ್ ಟನಲ್, ಅಂದರೆ ನರ ಒತ್ತುತ್ತಿರುವುದು. ಬೆಳಿಗ್ಗೆ ಎದ್ದ ಮೇಲೆ ಎರಡೂ ಕೈಯ ಗಿಣ್ಣುಗಳು ಬಿಗಿದುಕೊಂಡು ಬಹಳ ಹೊತ್ತು ಸಡಿಲವಾಗದಿದ್ದರೆ ಸಂಧಿವಾತದ ಪರೀಕ್ಷೆ ಬೇಕು.

ಮೂಳೆಗುಳ್ಳೆಯ ನೋವು ಹೆಚ್ಚಾಗಿ ಮಣಿಕಟ್ಟಿನ ಹಿಂಭಾಗದಲ್ಲಿ, ಆಳದಲ್ಲಿ. ಕೈ ಹಿಂದಕ್ಕೆ ಬಾಗಿಸಿ ಭಾರ ಹಾಕಿದಾಗ, ಬಿಗಿಯಾಗಿ ಹಿಡಿದಾಗ ಹೆಚ್ಚು. ಹಿಡಿತ ಸಡಿಲವಾಗುವುದೂ ಉಂಟು. ಕೆಲವರಿಗೆ ನೋವೇ ಇರುವುದಿಲ್ಲ. ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌-ರೇಯಲ್ಲಿ ಅಕಸ್ಮಾತ್ತಾಗಿ ಕಾಣಿಸುತ್ತದೆ.

ಒಂದು ನಿಯಮ ಇಟ್ಟುಕೊಳ್ಳಿ. ಮೂರ್ನಾಲ್ಕು ವಾರ ಕೈಗೆ ಬಿಡುವು ಕೊಟ್ಟ ಮೇಲೂ ನೋವು ಹೋಗದಿದ್ದರೆ, ಅಥವಾ ಕೈಯಿಂದ ಪಾತ್ರೆ ಜಾರಲು ಶುರುವಾದರೆ, ಮಾತ್ರೆ ನುಂಗುವುದು ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಕಾರಣ ತಿಳಿಯುವ ಮೊದಲು ಯಾರ ಕೈಯಲ್ಲೂ ಗಟ್ಟಿಯಾಗಿ ತಿಕ್ಕಿಸಬೇಡಿ, ಎಳೆಸಬೇಡಿ.

ಎಕ್ಸ್‌-ರೇಯಿಂದ ಎಂಆರ್‌ಐವರೆಗೆ

ಒಂದು ಸ್ವಾರಸ್ಯ ಗೊತ್ತೇ? 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಎಕ್ಸ್‌-ರೇ ಕಂಡುಹಿಡಿದಾಗ ತೆಗೆದ ಪ್ರಸಿದ್ಧ ಚಿತ್ರ ಅವರ ಹೆಂಡತಿಯ ಕೈಯದು, ಬೆರಳಿನ ಉಂಗುರ ಸಮೇತ! ಇಂದು ನಮ್ಮ ಕೈಯ ಎಕ್ಸ್‌-ರೇ ತೆಗೆಸುವಾಗ ಬಳೆ, ಉಂಗುರ, ವಾಚು ಎಲ್ಲ ತೆಗೆಯಬೇಕು. ಲೋಹ ಅಡ್ಡ ಬಂದರೆ ಪುಟ್ಟ ಮೂಳೆಗಳು ಸರಿಯಾಗಿ ಕಾಣುವುದಿಲ್ಲ. ಬಸುರಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿಬಿಡಿ.

ಎಕ್ಸ್‌-ರೇಯಲ್ಲಿ ಕಪ್ಪು ಚುಕ್ಕೆ ಕಂಡರೆ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಸಿಟಿ ಅಥವಾ ಎಂಆರ್‌ಐ. "ಇಷ್ಟು ಚಿಕ್ಕದಕ್ಕೆ ಅಷ್ಟು ದುಬಾರಿ ಸ್ಕ್ಯಾನ್ ಯಾಕೆ?" ಅಂತ ಅಣ್ಣನೂ ಕೇಳಿದ. ವೈದ್ಯರು ತಾಳ್ಮೆಯಿಂದ ಹೇಳಿದರು. ಸಿಟಿಯಲ್ಲಿ ಮೂಳೆಯ ಗೋಡೆ ಎಷ್ಟು ತೆಳುವಾಗಿದೆ, ಬಿರುಕು ಬಿಟ್ಟಿದೆಯೇ, ಗುಳ್ಳೆಯಿಂದ ಕೀಲಿಗೆ ದಾರಿಯಿದೆಯೇ ಅಂತ ತಿಳಿಯುತ್ತದೆ. ಎಂಆರ್‌ಐಯಲ್ಲಿ ಒಳಗಿರುವುದು ದ್ರವವೋ ಗಟ್ಟಿ ಗೆಡ್ಡೆಯೋ, ಸುತ್ತಲಿನ ಮೂಳೆ ಊದಿಕೊಂಡಿದೆಯೇ, ಅಸ್ಥಿರಜ್ಜುಗಳು ಸರಿಯಿವೆಯೇ ಅಂತ ಗೊತ್ತಾಗುತ್ತದೆ.

ಇದು ಮುಖ್ಯ, ಯಾಕೆಂದರೆ ಗುಳ್ಳೆಯ ವೇಷದಲ್ಲಿ ಬರುವ ಬೇರೆ ತೊಂದರೆಗಳಿವೆ. ಲ್ಯುನೇಟ್ ಮೂಳೆಗೆ ರಕ್ತ ಪೂರೈಕೆ ಕಡಿಮೆಯಾಗಿ ಅದು ಕುಸಿಯುವ ಕೀನ್‌ಬಾಕ್ ರೋಗ ಒಂದು. 1910ರಲ್ಲಿ ವಿಯೆನ್ನಾದ ರಾಬರ್ಟ್ ಕೀನ್‌ಬಾಕ್ ಅದನ್ನು ವಿವರಿಸಿದರು. ಅದರ ಚಿಕಿತ್ಸೆಯೇ ಬೇರೆ. ಇನ್ನು ಕೆಲವರಿಗೆ ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳಿನ ಕಡೆಯದು ಸ್ವಲ್ಪ ಉದ್ದವಿದ್ದು, ಲ್ಯುನೇಟ್ ಮೂಳೆಗೆ ಗುದ್ದಿ ಗುದ್ದಿ ಗುಳ್ಳೆಯಾಗಿರುತ್ತದೆ. ಅಂಥವರಿಗೆ ಗುಳ್ಳೆಯನ್ನಷ್ಟೇ ತೆಗೆದರೆ ಸೋರುವ ಸೂರಿನ ಕೆಳಗೆ ನೆಲ ಒರೆಸಿದ ಹಾಗೆ! ಸಂಧಿವಾತ, ಕ್ಷಯದ ಸೋಂಕು, ಅಪರೂಪಕ್ಕೆ ಗೆಡ್ಡೆ, ಇವೂ ಎಕ್ಸ್‌-ರೇಯಲ್ಲಿ ತೂತಿನ ಹಾಗೆ ಕಾಣಬಹುದು.

ಆಪರೇಷನ್ ಬೇಕೇ ಬೇಕೇ?

ಬೇಕೇ ಬೇಕು ಅಂತೇನಿಲ್ಲ. ನೋವಿಲ್ಲದ, ಚಿಕ್ಕದಾದ, ಗೋಡೆ ಗಟ್ಟಿಯಿರುವ ಗುಳ್ಳೆಯನ್ನು ಮುಟ್ಟದೆ ಬಿಡುವುದೇ ಜಾಣತನ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಎಕ್ಸ್‌-ರೇ ತೆಗೆಸಿ, ಬೆಳೆಯುತ್ತಿದೆಯೇ ಅಂತ ನೋಡಿಕೊಂಡರೆ ಸಾಕು. ಸ್ವಲ್ಪ ನೋವಿದ್ದರೆ ಮೊದಲು ಪಟ್ಟಿ ಕಟ್ಟಿ ಕೈಗೆ ವಿಶ್ರಾಂತಿ, ನೋವು ತರುವ ಕೆಲಸಗಳಿಗೆ ಕಡಿವಾಣ, ಕೆಲವು ದಿನಗಳ ಔಷಧಿ. ಎಕ್ಸ್‌-ರೇಯಲ್ಲಿ ಚುಕ್ಕೆ ಕಂಡಿತು ಅನ್ನುವ ಒಂದೇ ಕಾರಣಕ್ಕೆ "ನಾಳೆಯೇ ಅಡ್ಮಿಟ್ ಆಗಿ" ಅಂದರೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳಿ. ಅದರಲ್ಲಿ ಸಂಕೋಚ ಬೇಡ.

ಹಾಗಾದರೆ ಯಾರಿಗೆ ಬೇಕು? ತಿಂಗಳುಗಟ್ಟಲೆ ಈ ಕ್ರಮ ಅನುಸರಿಸಿಯೂ ನೋವು ಕಡಿಮೆಯಾಗದವರಿಗೆ. ಗುಳ್ಳೆ ದೊಡ್ಡದಾಗುತ್ತಿರುವವರಿಗೆ. ಗೋಡೆ ತೆಳುವಾಗಿ ಮೂಳೆ ಮುರಿಯುವ ಭಯವಿರುವವರಿಗೆ. ಒಳಗಿರುವುದು ಏನೆಂದು ಸ್ಕ್ಯಾನಿನಲ್ಲಿ ಸ್ಪಷ್ಟವಾಗದವರಿಗೆ.

ಅತ್ತಿಗೆಗೆ ಮೊದಲು ಆರು ವಾರ ಸ್ಪ್ಲಿಂಟ್ ಹಾಕಿಸಿದರು. ನೋವು ಹಾಗೆಯೇ ಇತ್ತು. ಎಂಆರ್‌ಐಯಲ್ಲಿ ಗುಳ್ಳೆಯ ಸುತ್ತ ಮೂಳೆ ಊದಿಕೊಂಡಿದ್ದು ಕಂಡಿತು. ಬೇರೆ ಕಾರಣಗಳಿರಲಿಲ್ಲ. ಎರಡನೆಯ ವೈದ್ಯರೂ ಅದನ್ನೇ ಹೇಳಿದ ಮೇಲೆ ಆಪರೇಷನ್ ಅಂತ ತೀರ್ಮಾನವಾಯಿತು.

ಹಳೆಯ ದಾರಿ, ಹೊಸ ಕಿಂಡಿ

ಹಳೆಯ ವಿಧಾನದಲ್ಲಿ ಮಣಿಕಟ್ಟಿನ ಹಿಂಭಾಗವನ್ನು ಕೊಯ್ದು, ಸ್ನಾಯುರಜ್ಜುಗಳನ್ನು ಪಕ್ಕಕ್ಕೆ ಸರಿಸಿ, ಕೀಲಿನ ಹೊದಿಕೆ ಬಿಡಿಸಿ, ಮೂಳೆಗೆ ಕಿಟಕಿ ತೆರೆದು ಒಳಗಿನ ಲೋಳೆ ಕೆರೆದು ತೆಗೆಯುತ್ತಾರೆ. ಖಾಲಿಯಾದ ಗೂಡಿಗೆ ಮೂಳೆಯ ಚೂರುಗಳನ್ನು ತುಂಬುತ್ತಾರೆ. ಹಾಗಲಕಾಯಿಯ ತಿರುಳು ತೆಗೆದು ಮಸಾಲೆ ತುಂಬುತ್ತೇವಲ್ಲ, ಹಾಗೆ! ಈ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ, ಒಳ್ಳೆಯ ಫಲಿತಾಂಶವೂ ಇದೆ. ಆದರೆ ಕೀಲಿನ ಹೊದಿಕೆ ಕೊಯ್ದಿರುವುದರಿಂದ ಗಾಯ ಮಾಗಿದ ಮೇಲೆ ಮಣಿಕಟ್ಟು ಬಿಗಿಯಾಗಿ, ಪೂರ್ತಿ ಬಾಗದೆ ಹೋಗಬಹುದು. ಕಲೆಯೂ ಉಳಿಯುತ್ತದೆ.

ಹೊಸ ದಾರಿ ಆರ್ತ್ರೋಸ್ಕೋಪಿ. ಕೀಲಿನೊಳಗೆ ದುರ್ಬೀನು ಹಾಕಿ ನೋಡುವುದು ಅನ್ನಿ. 1918ರಲ್ಲಿ ಜಪಾನಿನ ಕೆಂಜಿ ಟಕಾಗಿ ಮೂತ್ರಕೋಶ ನೋಡುವ ಸಾಧನವನ್ನೇ ಮೊಣಕಾಲಿನೊಳಗೆ ಹಾಕಿ ನೋಡಿದ್ದು ಇದರ ಆರಂಭದ ಪ್ರಯತ್ನಗಳಲ್ಲಿ ಒಂದು. ಅದು ಮೊಣಕಾಲಿನಿಂದ ಇಳಿದು ಮಣಿಕಟ್ಟಿನಂಥ ಇಕ್ಕಟ್ಟಿನ ಕೀಲಿಗೆ ಬರಲು ದಶಕಗಳೇ ಬೇಕಾದವು. 1979ರಲ್ಲಿ ಚೆನ್ ಎಂಬ ವೈದ್ಯರು ಮಣಿಕಟ್ಟು ಮತ್ತು ಬೆರಳಿನ ಕೀಲುಗಳ ಆರ್ತ್ರೋಸ್ಕೋಪಿ ಬಗ್ಗೆ ಬರೆದರು. 2003ರಲ್ಲಿ ಆಸ್ಟ್ರೇಲಿಯಾದ ನೀಲ್ ಆಶ್‌ವುಡ್ ಮತ್ತು ಗ್ರೆಗರಿ ಬೇನ್, ಲ್ಯುನೇಟ್ ಮೂಳೆಯೊಳಗಿನ ಗುಳ್ಳೆಗೇ ಈ ದುರ್ಬೀನಿನ ಸಹಾಯದಿಂದ ಚಿಕಿತ್ಸೆ ಮಾಡಿದ್ದನ್ನು ವರದಿ ಮಾಡಿದರು.

ಮೊಣಕಾಲಿಗೆ ಬಳಸುವ ದುರ್ಬೀನಿನ ದಪ್ಪ ಸಾಮಾನ್ಯವಾಗಿ 4 ಮಿಲಿಮೀಟರ್. ಮಣಿಕಟ್ಟಿಗೆ ಬೇಕಾದ್ದು 1.9ರಿಂದ 2.7 ಮಿಲಿಮೀಟರ್. ಹೆಣಿಗೆಯ ಕಡ್ಡಿಗಿಂತಲೂ ಸಪೂರ!

ಆಪರೇಷನ್ ಕೋಣೆಯಲ್ಲಿ ನಡೆಯುವುದೇನು?

ಅತ್ತಿಗೆಗೆ ಹೆಚ್ಚು ಭಯವಿದ್ದದ್ದು ಇದರ ಬಗ್ಗೆಯೇ. ತಿಳಿದುಕೊಂಡ ಮೇಲೆ ಅರ್ಧ ಭಯ ಹೋಯಿತು ಅಂದರು. ಹಾಗಾಗಿ ನಿಮಗೂ ಹೇಳುತ್ತೇನೆ.

ಪೂರ್ತಿ ಎಚ್ಚರ ತಪ್ಪಿಸುವುದು ಎಲ್ಲರಿಗೂ ಬೇಕಿಲ್ಲ. ಕುತ್ತಿಗೆಯ ಪಕ್ಕ, ಹೆಗಲೆಲುಬಿನ ಬಳಿ ಅಥವಾ ಕಂಕುಳಲ್ಲಿ ಇಂಜೆಕ್ಷನ್ ಕೊಟ್ಟು ಆ ತೋಳನ್ನು ಮಾತ್ರ ಮರಗಟ್ಟಿಸುತ್ತಾರೆ. ರಕ್ತ ಬಂದು ಮಸುಕಾಗದಿರಲಿ ಅಂತ ತೋಳಿಗೆ ಬಿಪಿ ನೋಡುವ ಪಟ್ಟಿಯಂಥದ್ದನ್ನು ಕಟ್ಟಿ ಗಾಳಿ ತುಂಬುತ್ತಾರೆ. ಬೆರಳುಗಳಿಗೆ ಬಲೆಯಂಥ ಚೀಲ ತೊಡಿಸಿ ಕೈಯನ್ನು ನೇರವಾಗಿ ಮೇಲಕ್ಕೆ ತೂಗುಹಾಕಿ, ಸುಮಾರು 4-5 ಕಿಲೋದಷ್ಟು ಎಳೆತ ಕೊಡುತ್ತಾರೆ. ಆಗ ಮೂಳೆಗಳ ನಡುವೆ ಸ್ವಲ್ಪ ಸಂದು ಬಿಡುತ್ತದೆ.

ಮಣಿಕಟ್ಟಿನ ಹಿಂಭಾಗದಲ್ಲಿ ಎರಡು ಮೂರು ಕಡೆ, ಅರ್ಧ ಸೆಂಟಿಮೀಟರಿನಷ್ಟೇ ಉದ್ದದ ಕಿಂಡಿ. ಒಂದರಲ್ಲಿ ದುರ್ಬೀನು, ಇನ್ನೊಂದರಲ್ಲಿ ಸಲಕರಣೆ. ಉಪ್ಪುನೀರಿನ ದ್ರಾವಣ ಹಾಯಿಸುತ್ತಾ ಒಳಗಿನದನ್ನು ಟಿವಿ ಪರದೆಯ ಮೇಲೆ ನೋಡುತ್ತಾರೆ. ಗುಳ್ಳೆಯಿರುವುದು ಮೂಳೆಯ ಒಳಗಾದ್ದರಿಂದ ದುರ್ಬೀನಿನಲ್ಲಿ ನೇರವಾಗಿ ಕಾಣದಿರಬಹುದು. ಆಗ ಸಿ-ಆರ್ಮ್ ಎಂಬ ಎಕ್ಸ್‌-ರೇ ಯಂತ್ರದ ಸಹಾಯದಿಂದ ಜಾಗ ಗುರುತಿಸಿ, ತೆಳು ಡ್ರಿಲ್ಲಿನಿಂದ ತೂತು ಕೊರೆದು, ಪುಟ್ಟ ಚಮಚದಂಥ ಸಲಕರಣೆಯಿಂದ ಲೋಳೆಯನ್ನೂ ಅದರ ಪೊರೆಯನ್ನೂ ಕೆರೆದು ತೆಗೆಯುತ್ತಾರೆ. ತೆಗೆದದ್ದನ್ನು ಬಯಾಪ್ಸಿಗೆ ಕಳಿಸಲೇಬೇಕು. ಸ್ಕ್ಯಾನ್ ಎಷ್ಟೇ ಸ್ಪಷ್ಟವಿದ್ದರೂ ಕೊನೆಯ ಮಾತು ಅದರದೇ.

ನಂತರ ಆ ಗೂಡನ್ನು ತುಂಬಿಸುವುದು. ಮಣಿಕಟ್ಟಿನ ಸ್ವಲ್ಪ ಮೇಲಿನ ಮುಂಗೈ ಮೂಳೆಯಿಂದಲೋ, ಸೊಂಟದ ಮೂಳೆಯ ಅಂಚಿನಿಂದಲೋ ನಮ್ಮದೇ ಮೂಳೆಯ ಚೂರು ತೆಗೆದು ಕೊಳವೆಯ ಮೂಲಕ ತುಂಬುತ್ತಾರೆ. ಸೊಂಟದಿಂದ ತೆಗೆದರೆ ಅಲ್ಲಿ ಕೆಲ ದಿನ ನೋವು ಗ್ಯಾರಂಟಿ! ಕೆಲವು ಕಡೆ ಕ್ಯಾಲ್ಸಿಯಂ ಫಾಸ್ಫೇಟ್‌ನಂಥ ಕೃತಕ ಪದಾರ್ಥವನ್ನೂ ಬಳಸುತ್ತಾರೆ. ಒಂದೆರಡು ಹೊಲಿಗೆ, ಪಟ್ಟಿ, ಸ್ಪ್ಲಿಂಟ್. ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ.

ದುರ್ಬೀನಿನಿಂದ ಇನ್ನೊಂದು ಲಾಭವಿದೆ. ಗುಳ್ಳೆಯ ಜೊತೆಗೆ ಅಸ್ಥಿರಜ್ಜು ಹರಿದಿದೆಯೇ, ಕೀಲಿನ ನುಣುಪು ಪದರ ಸವೆದಿದೆಯೇ ಅನ್ನುವುದು ಕಣ್ಣಾರೆ ಕಾಣುತ್ತದೆ.

ಚಿಕ್ಕ ತೂತು, ಚಿಕ್ಕ ಆಪರೇಷನ್ ಅಲ್ಲ

ಇಲ್ಲಿ ಒಂದು ಎಚ್ಚರಿಕೆಯ ಮಾತು. "ಕೀಹೋಲ್, ಲೇಸರ್, ಹೊಲಿಗೆಯೇ ಇಲ್ಲ" ಅನ್ನುವ ಜಾಹೀರಾತಿನ ಮಾತಿಗೆ ಮರುಳಾಗಬೇಡಿ. ಹೊರಗಿನ ಗಾಯ ಚಿಕ್ಕದು ನಿಜ, ಒಳಗಿನ ಕೆಲಸ ಅಷ್ಟೇ ದೊಡ್ಡದು. ಖಾಲಿಯಾದ ಮೂಳೆ ತುಂಬಿಕೊಳ್ಳಲು ಹಳೆಯ ವಿಧಾನದಲ್ಲಿ ಎಷ್ಟು ಕಾಲ ಬೇಕೋ ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ ಬೇಕು.

ಅಪಾಯಗಳೂ ಇವೆ. ಮಣಿಕಟ್ಟಿನ ಹಿಂಭಾಗದ ಚರ್ಮದಡಿ ಹರಿಯುವ ಸಣ್ಣ ನರಗಳಿಗೆ ಪೆಟ್ಟಾದರೆ ಕೈಯ ಹಿಂಭಾಗ ಜೋಮು ಹಿಡಿಯಬಹುದು. ಸ್ನಾಯುರಜ್ಜುವಿಗೆ ತಗುಲಬಹುದು. ಸೋಂಕು, ಬಿಗಿತ, ಗುಳ್ಳೆ ಮತ್ತೆ ಬರುವುದು, ಇವೆಲ್ಲ ಅಪರೂಪವಾದರೂ ಉಂಟು. ಈ ವಿಧಾನದ ಬಗ್ಗೆ ಬಂದಿರುವ ವೈದ್ಯಕೀಯ ವರದಿಗಳ ಫಲಿತಾಂಶ ಚೆನ್ನಾಗಿಯೇ ಇದೆ. ಆದರೆ ಅವು ಹೆಚ್ಚಿನವು ಕೆಲವೇ ರೋಗಿಗಳನ್ನು ನೋಡಿ ಬರೆದವು ಅನ್ನುವುದು ನೆನಪಿರಲಿ.

ಎಲ್ಲರಿಗೂ ಇದು ಒಗ್ಗುವುದೂ ಇಲ್ಲ. ಗುಳ್ಳೆ ದುರ್ಬೀನಿಗೆ ಎಟುಕದ ಕಡೆ ಇದ್ದರೆ, ಮೂಳೆ ಕುಸಿದಿದ್ದರೆ, ಗೆಡ್ಡೆಯ ಅನುಮಾನವಿದ್ದರೆ ತೆರೆದ ಶಸ್ತ್ರಚಿಕಿತ್ಸೆಯೇ ಒಳ್ಳೆಯದು. "ಕಿಂಡಿಯಲ್ಲಿ ಆಗದಿದ್ದರೆ ಅಲ್ಲಿಯೇ ಕೊಯ್ದು ಮಾಡಬೇಕಾಗಬಹುದು" ಅಂತ ಮೊದಲೇ ಹೇಳುವ ವೈದ್ಯರು ಪ್ರಾಮಾಣಿಕರು.

ಮನೆಗೆ ಬಂದ ಮೇಲೆ

ನಿಜವಾದ ಪರೀಕ್ಷೆ ಶುರುವಾಗುವುದು ಆಗಲೇ! ಬಲಗೈ ಪಟ್ಟಿಯಲ್ಲಿ. ಜಡೆ ಹಾಕಿಕೊಳ್ಳಲಾಗದು, ಸೀರೆ ನೆರಿಗೆ ಹಿಡಿಯಲಾಗದು, ತುತ್ತು ಕಲಸಲಾಗದು. ಮೊದಲ ದಿನ ಮಗಳು ತುತ್ತು ಮಾಡಿ ಬಾಯಿಗಿಟ್ಟಾಗ ಅತ್ತಿಗೆ ಅತ್ತುಬಿಟ್ಟರು. ನೋವಿಗಲ್ಲ, ಬೇರೆಯವರ ಕೈಯಲ್ಲಿ ಉಣ್ಣುವ ಅಭ್ಯಾಸವೇ ಇರಲಿಲ್ಲವಲ್ಲ!

ಮೊದಲ ಕೆಲವು ದಿನ ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಡಬೇಕು, ಮಲಗುವಾಗಲೂ ದಿಂಬಿನ ಮೇಲೆ. ಇಲ್ಲದಿದ್ದರೆ ಬಾವು ಬರುತ್ತದೆ. ಮರಗಟ್ಟಿಸಿದ ಪ್ರಭಾವ ಹಲವು ಗಂಟೆ ಇರುವುದರಿಂದ ಅವತ್ತು ಬಿಸಿ ವಸ್ತುವಿನ ಹತ್ತಿರ ಆ ಕೈ ಒಯ್ಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ವೈದ್ಯರು ಬೇಡವೆನ್ನದಿದ್ದರೆ ಬೆರಳುಗಳನ್ನು ಮೊದಲ ದಿನದಿಂದಲೇ ಮಡಚಿ ಬಿಚ್ಚುತ್ತಿರಬೇಕು. ಹೊಲಿಗೆ ಬಿಚ್ಚುವುದು ಸುಮಾರು 10ರಿಂದ 14 ದಿನಕ್ಕೆ. ಅಲ್ಲಿಯತನಕ ಪಟ್ಟಿ ನೆನೆಯಬಾರದು. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಸ್ಪ್ಲಿಂಟ್ ಎರಡು ವಾರವೋ ಆರು ವಾರವೋ ಅನ್ನುವುದು ಗುಳ್ಳೆಯ ಗಾತ್ರ ಮತ್ತು ಮೂಳೆಯ ಗಟ್ಟಿತನದ ಮೇಲೆ.

ಪಟ್ಟಿ ಬಿಚ್ಚಿದ ಮೇಲೆ ಫಿಸಿಯೊಥೆರಪಿ. ಇದನ್ನು ಬಿಟ್ಟರೆ ಕಿಂಡಿಯಲ್ಲಿ ಮಾಡಿಸಿದ ಲಾಭವೆಲ್ಲ ಬಿಗಿತಕ್ಕೆ ಬಲಿ. ಪೆನ್ನು ಹಿಡಿಯುವುದು, ತಟ್ಟೆಗೆ ಬಡಿಸುವಂಥ ಹಗುರ ಕೆಲಸ ಬೇಗ ಶುರು ಮಾಡಬಹುದು. ಆದರೆ ಅಂಗೈ ಊರಿ ಏಳುವುದು, ಬಟ್ಟೆ ಹಿಂಡುವುದು, ಮುದ್ದೆ ತಿರುವುವುದು, ತುಂಬಿದ ಬಿಂದಿಗೆ ಎತ್ತುವುದು, ಸ್ಕೂಟರಿನ ಆಕ್ಸಿಲರೇಟರ್ ತಿರುವುವುದು... ಇವೆಲ್ಲ ಮೂಳೆ ತುಂಬಿಕೊಂಡಿದೆ ಅಂತ ಎಕ್ಸ್‌-ರೇ ನೋಡಿ ವೈದ್ಯರು ಹೇಳಿದ ಮೇಲೆಯೇ. ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು.

ಬೆರಳು ನೀಲಿಗಟ್ಟಿದರೆ, ಜೋಮು ಹೆಚ್ಚಾಗುತ್ತಾ ಹೋದರೆ, ಮಾತ್ರೆಗೂ ಬಗ್ಗದ ನೋವಿದ್ದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ "ನಾಳೆ ನೋಡೋಣ" ಅನ್ನಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆಗಳು

* ನನ್ನ ನೋವಿಗೆ ಈ ಗುಳ್ಳೆಯೇ ಕಾರಣ ಎಂದು ಹೇಗೆ ಹೇಳುತ್ತೀರಿ?
* ಆಪರೇಷನ್ ಮಾಡಿಸದೆ ಕಾದರೆ ಏನಾಗಬಹುದು?
* ಮಣಿಕಟ್ಟಿನ ಆರ್ತ್ರೋಸ್ಕೋಪಿ ನೀವು ಎಷ್ಟು ಮಾಡಿದ್ದೀರಿ? (ಮೊಣಕಾಲಿನದಲ್ಲ, ಮಣಿಕಟ್ಟಿನದು!)
* ಮಣಿಕಟ್ಟಿಗೆ ಬೇಕಾದ ಸಣ್ಣ ದುರ್ಬೀನು ಈ ಆಸ್ಪತ್ರೆಯಲ್ಲಿ ಇದೆಯೇ?
* ತುಂಬಿಸುವ ಮೂಳೆ ಎಲ್ಲಿಂದ ತೆಗೆಯುತ್ತೀರಿ?
* ಬಯಾಪ್ಸಿ ವರದಿ ಯಾವಾಗ ಬರುತ್ತದೆ?
* ಒಟ್ಟು ಖರ್ಚು ಎಷ್ಟು? ಕೃತಕ ಮೂಳೆ, ಬಳಸಿ ಬಿಸಾಡುವ ಸಲಕರಣೆ ಇದರಲ್ಲಿ ಸೇರಿದೆಯೇ?

ಆರೋಗ್ಯ ವಿಮೆ ಇದ್ದರೆ ಒಂದೇ ದಿನದ ಚಿಕಿತ್ಸೆಗೆ ಅದು ಅನ್ವಯವಾಗುತ್ತದೆಯೇ ಅಂತ ಮುಂಚೆಯೇ ವಿಚಾರಿಸಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಕೇಳಿ. ಬೆಂಗಳೂರಿನ ಜಯನಗರದಲ್ಲಿರುವ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಖಾಸಗಿ ಆಸ್ಪತ್ರೆಯ ಖರ್ಚು ನೋಡಿ ಹೆದರಿದವರು ಸಲಹೆಗಾದರೂ ಅಲ್ಲಿಗೆ ಹೋಗಬಹುದು.

ಹೊರಡುವ ಮೊದಲು ಇಷ್ಟು ಮಾಡಿಕೊಳ್ಳಿ

* ಬಳೆ, ಉಂಗುರಗಳನ್ನು ಹಿಂದಿನ ದಿನವೇ ಸೋಪು ಹಚ್ಚಿ ತೆಗೆದಿಡಿ. ಕೈ ಊದಿಕೊಂಡ ಮೇಲೆ ಉಂಗುರ ಬಿಗಿಯಾಗಿ ಕತ್ತರಿಸಬೇಕಾದೀತು. ಉಗುರಿನ ಬಣ್ಣ ಅಳಿಸಿ, ಮೆಹಂದಿ ಹಾಕಿಸಬೇಡಿ.
* ಮಧುಮೇಹ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ, ಏನೇ ಇದ್ದರೂ ಮುಚ್ಚಿಡದೆ ಹೇಳಿ.
* ಎಷ್ಟು ಹೊತ್ತಿನಿಂದ ಉಪವಾಸ ಇರಬೇಕು ಅಂತ ಕೇಳಿಕೊಳ್ಳಿ. "ಒಂದು ಲೋಟ ಕಾಫಿ ಏನಾಗುತ್ತೆ" ಅಂತ ಕುಡಿಯಬೇಡಿ.
* ಹುಣಸೆಹಣ್ಣಿನ ಗೊಜ್ಜು, ಸಾರಿನ ಪುಡಿ, ಚಟ್ನಿಪುಡಿ ಮೊದಲೇ ಮಾಡಿಡಿ. ತೆಂಗಿನಕಾಯಿ ತುರಿದು ಫ್ರೀಜರಿನಲ್ಲಿಡಿ.
* ನೈಟಿ, ಮುಂದೆ ಗುಂಡಿಯಿರುವ ಸಡಿಲ ತೋಳಿನ ಉಡುಪು ತೆಗೆದಿಟ್ಟುಕೊಳ್ಳಿ.
* ಗ್ಯಾಸ್ ರೆಗ್ಯುಲೇಟರ್ ಹಾಕುವುದು, ವಾಷಿಂಗ್ ಮೆಷಿನ್ ಓಡಿಸುವುದು, ಯಾವ ಡಬ್ಬದಲ್ಲಿ ಯಾವ ಬೇಳೆ ಇದೆ ಅನ್ನುವುದು ಮನೆಯವರೆಲ್ಲರಿಗೂ ಗೊತ್ತಿರಲಿ.

ಈ ಕೊನೆಯದು ಬಹಳ ಮುಖ್ಯ! ಅಣ್ಣ ಮೊದಲ ವಾರ ಉದ್ದಿನಬೇಳೆಯಲ್ಲಿ ಸಾರು ಮಾಡಲು ಹೊರಟಿದ್ದ. ಮೂರನೆಯ ವಾರಕ್ಕೆ ಕುಕ್ಕರಿನ ಸೀಟಿ ಎಣಿಸುವಷ್ಟು ಪಳಗಿದ. ಚಪಾತಿ ಮಾತ್ರ ಮೂರು ತಿಂಗಳು ಕಾಂಡಿಮೆಂಟ್ಸ್ ಅಂಗಡಿಯಿಂದಲೇ ಬಂತು. ಮನೆಯೇನೂ ಮುಳುಗಲಿಲ್ಲ.

ಹತ್ತು ದಿನಕ್ಕೆ ಬಯಾಪ್ಸಿ ವರದಿ ಬಂತು. ಗ್ಯಾಂಗ್ಲಿಯನ್ನೇ, ಬೇರೇನಲ್ಲ. ಅತ್ತಿಗೆ ಆ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಮೂರು ತಿಂಗಳ ಎಕ್ಸ್‌-ರೇಯಲ್ಲಿ ಆ ಕಪ್ಪು ಚುಕ್ಕೆಯ ಜಾಗ ಬೂದು ಬಣ್ಣಕ್ಕೆ ತಿರುಗಿತ್ತು. "ಮೂಳೆ ಕಟ್ಟುತ್ತಿದೆ" ಅಂದರು ವೈದ್ಯರು. ಈಗ ವರ್ಷದ ಮೇಲಾಯಿತು. ಕೈ ಪೂರ್ತಿ ಹಿಂದಕ್ಕೆ ಬಾಗಿಸಿದರೆ ಕೊನೆಯಲ್ಲಿ ಸ್ವಲ್ಪ ಬಿಗಿ ಅನ್ನಿಸುತ್ತದಂತೆ, ಚಳಿಯ ಬೆಳಿಗ್ಗೆ ಒಂದು ಚೂರು ನೋವು ಇಣುಕುವುದೂ ಉಂಟು. ಆದರೆ ಪಾತ್ರೆ ಜಾರುವುದಿಲ್ಲ. ಕಲೆ ಹುಡುಕಿದರೂ ಸಿಗದ ಹಾಗೆ ಬಳೆಗಳ ಕೆಳಗೆ ಮುಚ್ಚಿಹೋಗಿದೆ.

ಮೊನ್ನೆ ಹಬ್ಬಕ್ಕೆ ಹೋದಾಗ ಹೋಳಿಗೆ ತಟ್ಟುತ್ತಾ ಅತ್ತಿಗೆ ಹೇಳಿದರು: "ಆಪರೇಷನ್ನಿಗೆ ಹೆದರಿದ್ದು ಒಂದು ವಾರ ಕಣೇ. ಆದರೆ ಅದಕ್ಕಿಂತ ಮೊದಲು ಒಂದೂವರೆ ವರ್ಷ ನೋವು ತಿಂದೆನಲ್ಲ, ಅದು ಯಾತಕ್ಕೆ ಹೇಳು?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಮ್ಮ ಹತ್ತಿರ ಇದೆಯೇ? ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಡಾಕ್ಟರ ಬಳಿ ಕರೆದೊಯ್ಯುವ ನಾವು, ನಮ್ಮ ಕೈ ನೋವಿಗೆ ಮಾತ್ರ ಹಬ್ಬ ಕಳೀಲಿ ಅಂತ ಕಾಯುತ್ತೇವೆ. ಈ ಸಲ ಕಾಯಬೇಡಿ. ಗುಳ್ಳೆ ಇಲ್ಲದೆಯೂ ಇರಬಹುದು, ಇದ್ದರೂ ಆಪರೇಷನ್ ಬೇಡದೆಯೂ ಇರಬಹುದು. ಆದರೆ ತಿಳಿದುಕೊಳ್ಳಲು ಬೇಕಾದ್ದು ಮೊದಲಿಗೆ ಒಂದು ಎಕ್ಸ್‌-ರೇ ಮತ್ತು ನಿಮಗಾಗಿ ಒಂದು ಬೆಳಗು. ಅಷ್ಟನ್ನು ನಿಮ್ಮ ಕೈಗೆ ಕೊಡುತ್ತೀರಿ ತಾನೇ?